ಟೋಪಿ ಪಿನ್ನಿನ ಕಥೆ ಅಷ್ಟೇ ಅಲ್ಲ: ಬೆರ್ತಾ ಬೆಂಜ್ ಎಂಬ ಮೆಕ್ಯಾನಿಕ್

ಗಾಡಿ ಮಿಸ್ಸಿಂಗ್ ಹೊಡೀತಿದೆ, ಸ್ವಲ್ಪ ದೂರ ಹೋಗಿ ಆಫ್ ಆಗ್ತಿದೆ ಅಂತ ಯಾವ ಗ್ಯಾರೇಜಿಗೆ ಹೋದರೂ ಅನುಭವ ಇರುವ ಮೆಕ್ಯಾನಿಕ್ ಮೊದಲು ನೋಡುವುದು ಎರಡೇ ಸಂಗತಿ. ಪೆಟ್ರೋಲ್ ಬರ್ತಿದೆಯಾ? ಕರೆಂಟ್ ಬರ್ತಿದೆಯಾ? ಇಂಧನ ಸರಿಯಾಗಿ ಬರಬೇಕು, ಕಿಡಿ ಸರಿಯಾದ ಹೊತ್ತಿಗೆ ಹಾರಬೇಕು. ಎರಡರಲ್ಲಿ ಒಂದು ತಪ್ಪಿದರೂ ಎಂಜಿನ್ ಕೆಮ್ಮುತ್ತದೆ, ನಡುಗುತ್ತದೆ, ನಿಂತೇಹೋಗುತ್ತದೆ. ಇವತ್ತಿನ ಕಾರುಗಳಲ್ಲಿ ಸೆನ್ಸರು, ಸ್ಕ್ಯಾನರು ಎಲ್ಲ ಬಂದಿವೆ. ಆದರೂ ಪೆಟ್ರೋಲ್ ಎಂಜಿನ್ ಕೈಕೊಟ್ಟಾಗ ಕೇಳುವ ಮೊದಲ ಪ್ರಶ್ನೆಗಳು ಬದಲಾಗಿಲ್ಲ.

ಈ ಎರಡೂ ಪ್ರಶ್ನೆಗಳನ್ನು ಒಂದೇ ಪ್ರಯಾಣದಲ್ಲಿ, ನಡುದಾರಿಯಲ್ಲಿ, ಯಾವ ಮೆಕ್ಯಾನಿಕ್‌ನ ನೆರವೂ ಇಲ್ಲದೆ ಬಿಡಿಸಿದವರು 39 ವರ್ಷದ ಒಬ್ಬ ಹೆಂಗಸು. ಅದು 1888ರ ಆಗಸ್ಟ್. ಆಗ ಗ್ಯಾರೇಜ್ ಇರಲಿಲ್ಲ, ಪೆಟ್ರೋಲ್ ಬಂಕ್ ಇರಲಿಲ್ಲ, ಕಾರು ಕೆಟ್ಟರೆ ಯಾರನ್ನು ಕರೆಯಬೇಕು ಅನ್ನುವ ಪ್ರಶ್ನೆಯೇ ಹುಟ್ಟಿರಲಿಲ್ಲ. ಆಕೆಯ ಹೆಸರು ಬೆರ್ತಾ ಬೆಂಜ್.

ಅವರ ಹೆಸರು ಕೇಳಿದವರಿಗೆ ಸಾಮಾನ್ಯವಾಗಿ ನೆನಪಾಗುವುದು ಎರಡು ವಸ್ತು: ಟೋಪಿಗೆ ಚುಚ್ಚುವ ಪಿನ್ನು ಮತ್ತು ಕಾಲುಚೀಲ ಜಾರದ ಹಾಗೆ ಕಟ್ಟುವ ಪಟ್ಟಿ. ಪಿನ್ನಿನಿಂದ ಇಂಧನದ ನಳಿಕೆ ಚುಚ್ಚಿ ಸರಿಮಾಡಿದರಂತೆ, ಪಟ್ಟಿಯನ್ನು ವೈರಿಗೆ ಸುತ್ತಿದರಂತೆ, ಎಷ್ಟು ಜಾಣೆ ನೋಡಿ ಅಂತ ಕಥೆ ಮುಗಿದುಹೋಗುತ್ತದೆ. ಕೇಳೋಕೆ ಚೆನ್ನಾಗಿಯೇ ಇದೆ. ಆದರೆ ಈ ಕಥೆ ಒಂದು ಪ್ರಶ್ನೆಯನ್ನು ಜಾಣತನದಿಂದ ದಾಟಿಹೋಗುತ್ತದೆ. ಆ ಕಾಲದಲ್ಲಿ ಟೋಪಿ ಪಿನ್ನು ಬೇಕಾದಷ್ಟು ಹೆಂಗಸರ ಹತ್ತಿರ ಇತ್ತು. ಅದನ್ನು ಎಲ್ಲಿ ಚುಚ್ಚಬೇಕು ಅಂತ ಆಕೆಗೆ ಹೇಗೆ ಗೊತ್ತಾಯಿತು?

ಉತ್ತರಕ್ಕೆ ಅವರ ಬದುಕನ್ನು ಮೊದಲಿಂದ ನೋಡಬೇಕು.

ಮದುವೆಗೆ ಮುಂಚಿನ ಹೂಡಿಕೆ

ಬೆರ್ತಾ ರಿಂಗರ್ ಹುಟ್ಟಿದ್ದು 1849ರ ಮೇ 3ರಂದು, ಇಂದಿನ ಜರ್ಮನಿಯ ನೈಋತ್ಯ ಭಾಗದಲ್ಲಿದ್ದ ಬಾಡೆನ್ ರಾಜ್ಯದ ಫೋರ್ತ್ಸ್‌ಹೈಮ್ ಊರಿನಲ್ಲಿ. ಅಪ್ಪ ಬಡಗಿ ಕೆಲಸದಿಂದ, ಕಟ್ಟಡ ಕೆಲಸದಿಂದ ಚೆನ್ನಾಗಿ ದುಡಿದವರು. ಮತ್ತೆ ಹೆಣ್ಣೇ ಹುಟ್ಟಿತಲ್ಲ ಅನ್ನುವ ಬೇಸರ ಮನೆಯ ಬೈಬಲ್‌ನಲ್ಲಿ ದಾಖಲಾಗಿತ್ತಂತೆ. ಆ ಸಾಲನ್ನು ಬಾಲಕಿ ಬೆರ್ತಾ ಓದಿ ನೊಂದುಕೊಂಡರು ಅಂತ ಅವರ ಬಗ್ಗೆ ಬರೆದವರು ಹೇಳುತ್ತಾರೆ. ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದರು. ಅದರಾಚೆಗಿನ ಓದಿನ ಬಾಗಿಲು ಮುಚ್ಚಿತ್ತು. ಜರ್ಮನಿಯಲ್ಲಿ ಹೆಣ್ಣುಮಕ್ಕಳನ್ನು ವಿಶ್ವವಿದ್ಯಾಲಯಕ್ಕೆ ಪೂರ್ತಿಯಾಗಿ ಸೇರಿಸಿಕೊಂಡ ಮೊದಲ ರಾಜ್ಯ ಬಾಡೆನ್, ನಿಜ. ಆದರೆ ಅದಾದದ್ದು 1900ರಲ್ಲಿ. ಆಗ ಬೆರ್ತಾಗೆ 50 ದಾಟಿತ್ತು.

ಕಾರ್ಲ್ ಬೆಂಜ್ ಕೈಯಲ್ಲಿ ವಿದ್ಯೆ ಇದ್ದ, ಕಾಸಿಲ್ಲದ ಎಂಜಿನಿಯರ್. 1871ರಲ್ಲಿ ಮಾನ್‌ಹೈಮ್‌ನಲ್ಲಿ ಪಾಲುದಾರನೊಬ್ಬನ ಜೊತೆ ವರ್ಕ್‌ಶಾಪ್ ಶುರುಮಾಡಿದರು. ಪಾಲುದಾರ ನಂಬುವಂಥವನಲ್ಲ ಅಂತ ಬೇಗ ಗೊತ್ತಾಯಿತು. ಆಗ ಬೆರ್ತಾ ತಮಗೆ ಬರಬೇಕಿದ್ದ ವರದಕ್ಷಿಣೆಯ ಹಣವನ್ನು ಮದುವೆಗೆ ಮುಂಚೆಯೇ ಅಪ್ಪನಿಂದ ಪಡೆದು ಪಾಲುದಾರನ ಪಾಲನ್ನು ತೀರಿಸಿದರು. ಅಂದರೆ ಕಂಪನಿ ಉಳಿದದ್ದು ಆಕೆಯ ದುಡ್ಡಿನಿಂದ.

1872ರ ಜುಲೈ 20ರಂದು ಮದುವೆ ಆಯಿತು. ಬಾಡೆನ್‌ನ ಕಾನೂನು ನೆಪೋಲಿಯನ್ನನ ಸಂಹಿತೆಯನ್ನು ಆಧರಿಸಿ ರೂಪುಗೊಂಡದ್ದು. ಅದರ ಪ್ರಕಾರ ಮದುವೆಯಾದ ಹೆಣ್ಣು ಗಂಡನ ಒಪ್ಪಿಗೆ ಇಲ್ಲದೆ ಆಸ್ತಿಯ ವ್ಯವಹಾರ ಮಾಡುವಂತಿರಲಿಲ್ಲ. ಮದುವೆಯ ಹಿಂದಿನ ದಿನದವರೆಗೆ ಸ್ವತಂತ್ರ ಹೂಡಿಕೆದಾರೆಯಾಗಿದ್ದವರು, ಮರುದಿನ ಕಾನೂನಿನ ಕಣ್ಣಲ್ಲಿ ಬರೀ ಹೆಂಡತಿ.

ಮುಂದಿನ ಹತ್ತು ಹನ್ನೆರಡು ವರ್ಷ ಕಷ್ಟದ ಕಾಲ. ಸಾಲ ಕೊಟ್ಟವರು ಬೆನ್ನುಬಿದ್ದರು. ಕಾರ್ಲ್ ಎರಡು ಸ್ಟ್ರೋಕ್‌ನ ಎಂಜಿನ್ನಿಗೆ ಕೈಹಾಕಿದರು, ಅದು ಓಡಲು ಒಪ್ಪುತ್ತಿರಲಿಲ್ಲ. 1879ರ ಡಿಸೆಂಬರ್ 31ರ ರಾತ್ರಿ ಊಟ ಮುಗಿಸಿದ ಮೇಲೆ, ಇನ್ನೊಂದು ಸಲ ಪ್ರಯತ್ನಿಸೋಣ ಅಂತ ಗಂಡನನ್ನು ವರ್ಕ್‌ಶಾಪಿಗೆ ಹೊರಡಿಸಿದವರು ಬೆರ್ತಾ. ಆ ರಾತ್ರಿ ಎಂಜಿನ್ ಓಡಿತು. ಇದನ್ನು ಕಾರ್ಲ್ ಅವರೇ ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಎಂಜಿನ್ ಹತ್ತದೇ ಇದ್ದಾಗ ಹೇಗಿರುತ್ತದೆ, ಹತ್ತಿದಾಗ ಯಾವ ಸದ್ದು ಬರುತ್ತದೆ ಅನ್ನುವುದನ್ನು ಬೆರ್ತಾ ಕಲಿತದ್ದು ಇಂಥ ರಾತ್ರಿಗಳಲ್ಲಿ. ಅವರಿಗೆ ಸಿಕ್ಕ ಎಂಜಿನಿಯರಿಂಗ್ ಕಾಲೇಜು ಅಂದರೆ ಅದೇ.

1885ರ ಹೊತ್ತಿಗೆ ಮೂರು ಗಾಲಿಯ, ಒಂದೇ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ ಇದ್ದ ಗಾಡಿ ಸಿದ್ಧವಾಯಿತು. 1886ರ ಜನವರಿ 29ರಂದು ಅದರ ಪೇಟೆಂಟಿಗೆ ಅರ್ಜಿ ಹೋಯಿತು. ಸಂಖ್ಯೆ 37435. ಆ ಪತ್ರದಲ್ಲಿದ್ದದ್ದು ಮಾನ್‌ಹೈಮ್‌ನ ಬೆಂಜ್ ಕಂಪನಿಯ ಹೆಸರು. ಬೆರ್ತಾ ಹೆಸರು ಎಲ್ಲೂ ಇಲ್ಲ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ: ಗಾಡಿಯ ವಿನ್ಯಾಸ ಕಾರ್ಲ್ ಅವರದ್ದೇ. ಅದನ್ನು ಬೆರ್ತಾ ಕಂಡುಹಿಡಿದರು ಅಂತ ಹೇಳುವ ಅಗತ್ಯವಿಲ್ಲ. ಆಕೆ ನಿಜವಾಗಿ ಮಾಡಿದ್ದೇ ಬೇಕಾದಷ್ಟಿದೆ.

ಗಂಡನಿಗೆ ಹೇಳದೆ ಹೊರಟದ್ದು

ಗಾಡಿಗೆ ಗಿರಾಕಿಗಳೇ ಬರಲಿಲ್ಲ. ಕುದುರೆ ಇಲ್ಲದೆ ಗುಡುಗುತ್ತಾ ಬರುವ ಯಂತ್ರ ಕಂಡರೆ ಜನಕ್ಕೆ ಭಯ. ಅಲ್ಲಿಯವರೆಗೆ ಅದು ಓಡಿದ್ದೆಲ್ಲ ಊರ ಸುತ್ತಮುತ್ತಲ ಪುಟ್ಟ ಸುತ್ತಾಟಗಳಷ್ಟೇ. ಕಾರ್ಲ್ ಯಾವಾಗಲೂ ಇನ್ನೂ ಏನೋ ಸರಿಮಾಡಬೇಕು ಅನ್ನುವ ಸ್ವಭಾವದವರು. ದೂರದ ರಸ್ತೆಗೆ ಹಾಕಿ ನೋಡದೆ ಇದರ ಗಟ್ಟಿತನ ಯಾರಿಗೂ ತಿಳಿಯುವುದಿಲ್ಲ ಅನ್ನುವುದು ಬೆರ್ತಾ ತೀರ್ಮಾನ.

1888ರ ಆಗಸ್ಟಿನ ಒಂದು ಬೆಳಗ್ಗೆ, ಕಾರ್ಲ್ ಏಳುವ ಮುಂಚೆ, 15 ವರ್ಷದ ಯೂಜೆನ್ ಮತ್ತು 13 ವರ್ಷದ ರಿಚರ್ಡ್ ಎಂಬ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಆಕೆ ಮಾನ್‌ಹೈಮ್‌ನಿಂದ ಹೊರಟರು. ತಲುಪಬೇಕಾದದ್ದು ತವರೂರು ಫೋರ್ತ್ಸ್‌ಹೈಮ್. ಹೋದ ದಾರಿ 100 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು.

ದಾರಿಯಲ್ಲಿ ತೊಂದರೆಗಳು ಸಾಲುಸಾಲಾಗಿ ಬಂದವು. ಎಂಜಿನ್ ತಣ್ಣಗಾಗಲು ಬಳಸುತ್ತಿದ್ದ ನೀರು ಆವಿಯಾಗಿ ಹೋಗುತ್ತಿತ್ತು. ಬಾವಿ, ಹಳ್ಳ ಸಿಕ್ಕಲ್ಲೆಲ್ಲ ನಿಲ್ಲಿಸಿ ತುಂಬಿಸಬೇಕು. ಇಂಧನ ಮುಗಿಯುತ್ತಾ ಬಂತು. ಆ ಗಾಡಿಗೆ ಬೇಕಿದ್ದದ್ದು ಲಿಗ್ರೋಯಿನ್ ಎಂಬ ಪೆಟ್ರೋಲಿಯಂ ದ್ರಾವಣ. ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದ ಅದು ಸಿಗುತ್ತಿದ್ದದ್ದು ಔಷಧದ ಅಂಗಡಿಯಲ್ಲಿ. ವೀಸ್ಲೋಖ್ ಊರಿನ ಔಷಧದ ಅಂಗಡಿಯಿಂದ ಆಕೆ ಅದನ್ನು ಕೊಂಡರು. ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಅಂತ ಆ ಅಂಗಡಿ ಇವತ್ತಿಗೂ ಹೇಳಿಕೊಳ್ಳುತ್ತದೆ.

ಇನ್ನು ಎಂಜಿನ್ ವಿಷಯ. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ ಉಳಿದ ಮೂರು ಹೇಗೋ ಎಳೆದುಕೊಂಡು ಹೋಗುತ್ತವೆ. ಕಾರು ನಡುಗುತ್ತದೆ, ಆದರೂ ಓಡುತ್ತದೆ. ಒಂದೇ ಸಿಲಿಂಡರಿನ ಎಂಜಿನ್ನಿಗೆ ಆ ಆಸರೆ ಇಲ್ಲ. ಒಂದೆರಡು ಸಲ ಉರಿ ತಪ್ಪಿದರೆ ಭಾರದ ಗಾಲಿ ತನ್ನ ವೇಗದಲ್ಲಿ ಅದನ್ನು ದಾಟಿಸಬಹುದು. ಅದಕ್ಕಿಂತ ಹೆಚ್ಚಾದರೆ ಗಾಡಿ ನಿಂತಂತೆ.

ಬೆರ್ತಾಗೆ ಎದುರಾದ ದೋಷಗಳಲ್ಲಿ ಒಂದು ಇಂಧನದ ಕಡೆಯದು: ನಳಿಕೆಯಲ್ಲಿ ಕಸ ಸಿಕ್ಕಿಕೊಂಡಿತ್ತು. ಇನ್ನೊಂದು ಕಿಡಿಯ ಕಡೆಯದು: ಬ್ಯಾಟರಿ, ಕಾಯಿಲ್‌ನಿಂದ ಬರುವ ವೈರಿನ ಹೊದಿಕೆ ಸವೆದುಹೋಗಿತ್ತು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಎಂಜಿನ್ ನಿಂತಿದೆ, ಅಷ್ಟೇ. ಒಳಗೆ ಬಲ್ಲವರಿಗೆ ಹಾಗಲ್ಲ. ನಳಿಕೆಯಲ್ಲಿ ಕಸ ಕೂತರೆ ಎಂಜಿನ್ ಸಾಮಾನ್ಯವಾಗಿ ಹಸಿದವರ ಹಾಗೆ ನಿಧಾನವಾಗಿ ಸೋಲುತ್ತದೆ. ಏರು ಬಂದಾಗ ಹೆಚ್ಚು ಇಂಧನ ಬೇಕು, ಆಗಲೇ ಬಿಟ್ಟುಕೊಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹತ್ತಬಹುದು, ಮತ್ತೆ ನಿಲ್ಲಬಹುದು. ವೈರು ಬರಿದಾಗಿ ಲೋಹಕ್ಕೆ ತಾಗಿದರೆ ಕರೆಂಟ್ ಪ್ಲಗ್ಗಿಗೆ ಹೋಗುವ ಬದಲು ಗಾಡಿಯ ಚೌಕಟ್ಟಿಗೆ ಹರಿದುಹೋಗುತ್ತದೆ. ಆಗ ಎಂಜಿನ್ ದಿಢೀರ್ ಅಂತ ಸಾಯುತ್ತದೆ. ಕುಲುಕಾಟಕ್ಕೆ ತಕ್ಕಂತೆ ಒಮ್ಮೆ ಕಿಡಿ ಬರುತ್ತದೆ, ಒಮ್ಮೆ ಇಲ್ಲ.

ಈ ಎರಡನ್ನೂ ಬೇರೆ ಬೇರೆ ಅಂತ ಗುರುತಿಸಲು ಯಂತ್ರದ ನಕ್ಷೆ ತಲೆಯಲ್ಲಿರಬೇಕು. ಇಂಧನ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ಕರೆಂಟ್ ಯಾವ ದಾರಿಯಲ್ಲಿ ಬರುತ್ತದೆ, ಆ ದಾರಿಯಲ್ಲಿ ಕೆಡಬಹುದಾದ ಜಾಗ ಯಾವುದು ಅಂತ ತಿಳಿದಿರಬೇಕು. ಬೆರ್ತಾಗೆ ತಿಳಿದಿತ್ತು. ನಳಿಕೆಗೆ ಉದ್ದನೆಯ ಗಟ್ಟಿ ಪಿನ್ನು ಬೇಕಿತ್ತು, ಅದು ಟೋಪಿಯಲ್ಲಿತ್ತು. ಬರಿದಾದ ವೈರಿಗೆ ಕರೆಂಟ್ ಹರಿಯಬಿಡದ ಹೊದಿಕೆ ಬೇಕಿತ್ತು, ಕಾಲುಚೀಲದ ಪಟ್ಟಿ ಆ ಕೆಲಸ ಮಾಡಿತು. ಪಿನ್ನು, ಪಟ್ಟಿ ಎರಡೂ ಆ ಹೊತ್ತಿಗೆ ಒದಗಿದ ಸ್ಪೇರ್ ಪಾರ್ಟ್‌ಗಳು. ನಿಜವಾದ ರಿಪೇರಿ ಅದಕ್ಕೂ ಮೊದಲು ತಲೆಯಲ್ಲಿ ನಡೆದಿತ್ತು.

ಬ್ರೇಕಿನ ಮರದ ತುಂಡು ಇಳಿಜಾರಿನಲ್ಲಿ ಸವೆಯಿತು. ಆಕೆ ಚಮ್ಮಾರರೊಬ್ಬರಿಂದ ಅದಕ್ಕೆ ಚರ್ಮ ಹೊಡೆಸಿದರು. ಬ್ರೇಕ್ ಲೈನಿಂಗ್ ಎಂಬುದು ಶುರುವಾದದ್ದು ಅಲ್ಲಿಂದ ಅನ್ನುತ್ತಾರೆ. ಚೈನಿನ ತೊಂದರೆಗೆ ಕಮ್ಮಾರರ ನೆರವು ಸಿಕ್ಕಿತು. ಕಡಿದಾದ ಏರುಗಳಲ್ಲಿ ಎಂಜಿನ್ನಿಗೆ ಶಕ್ತಿ ಸಾಲದೆ ಇಳಿದು ತಳ್ಳಬೇಕಾಯಿತು. ಸಂಜೆ ಹೊತ್ತಿಗೆ ಫೋರ್ತ್ಸ್‌ಹೈಮ್ ತಲುಪಿ ಕಾರ್ಲ್‌ಗೆ ತಂತಿ ಕಳಿಸಿದರು. ಕೆಲವು ದಿನ ಬಿಟ್ಟು ಅದೇ ಗಾಡಿಯಲ್ಲೇ ಹಿಂದಿರುಗಿದರು.

ವರದಿ ಮತ್ತು ಹೆಸರು

ಬಂದವರ ಹತ್ತಿರ ಪ್ರವಾಸ ಕಥನಕ್ಕಿಂತ ಬೆಲೆಬಾಳುವ ಒಂದು ದೋಷಪಟ್ಟಿ ಇತ್ತು. ಏರು ಹತ್ತಲು ಇನ್ನೊಂದು ಗೇರ್ ಬೇಕು ಅನ್ನುವುದು ಅದರಲ್ಲಿ ಮುಖ್ಯವಾದದ್ದು. ಕಾರ್ಲ್ ಅದನ್ನು ಒಪ್ಪಿ ಅಳವಡಿಸಿದರು. ಇವತ್ತು ಯಾವ ಕಂಪನಿಯೂ ಟೆಸ್ಟ್ ಡ್ರೈವ್ ಮಾಡದೆ ಹೊಸ ಕಾರನ್ನು ರಸ್ತೆಗೆ ಬಿಡುವುದಿಲ್ಲ. ಅದಕ್ಕೆ ಸಂಬಳ ಪಡೆಯುವ ಎಂಜಿನಿಯರುಗಳಿದ್ದಾರೆ. ಬೆರ್ತಾ ಮಾಡಿದ್ದು ಇದೇ ಕೆಲಸವನ್ನು. ಹುದ್ದೆಯೂ ಇಲ್ಲ, ಸಂಬಳವೂ ಇಲ್ಲ. ಮನೆಯವರು ಮಾಡುವ ಸಹಾಯದ ಲೆಕ್ಕಕ್ಕೆ ಅದು ಸೇರಿಹೋಯಿತು.

ಅದೇ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನ ವಸ್ತುಪ್ರದರ್ಶನದಲ್ಲಿ ಬೆಂಜ್ ಗಾಡಿಗೆ ಚಿನ್ನದ ಪದಕ ಬಂತು. ನಿಧಾನವಾಗಿ ಗಿರಾಕಿಗಳು ಬಂದರು. 1899ರಲ್ಲಿ ಆ ಕಂಪನಿ ಒಂದೇ ವರ್ಷದಲ್ಲಿ 572 ಗಾಡಿಗಳನ್ನು ತಯಾರಿಸಿತು. 1925ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಕಾರ್ಲ್, ಎಲ್ಲರೂ ಕೈಬಿಟ್ಟ ದಿನಗಳಲ್ಲಿ ಜೊತೆಗೆ ಉಳಿದವರು ಹೆಂಡತಿಯೊಬ್ಬರೇ ಅಂತ ಮನಸ್ಸು ಬಿಚ್ಚಿ ಒಪ್ಪಿಕೊಂಡರು. ಪ್ರೀತಿಯ ಮಾತು ಅದು, ಸುಳ್ಳೇನಲ್ಲ. ಆದರೆ ಕೃತಜ್ಞತೆ ಬೇರೆ, ಪಾಲು ಬೇರೆ. ಕೃತಜ್ಞತೆ ಕೊಡುವವರ ಮನಸ್ಸಿಗೆ ಬಿಟ್ಟದ್ದು, ಪಾಲು ಕೇಳಿ ಪಡೆಯುವಂಥದ್ದು. ಬೆರ್ತಾಗೆ ಕಾನೂನು ಎರಡನೆಯದರ ದಾರಿಯನ್ನೇ ಇಟ್ಟಿರಲಿಲ್ಲ.

ಕಾರ್ಲ್ 1929ರಲ್ಲಿ ತೀರಿಕೊಂಡರು. ಬೆರ್ತಾ ಆಮೇಲೂ 15 ವರ್ಷ ಬದುಕಿದರು. 1944ರಲ್ಲಿ, 95ನೇ ಹುಟ್ಟುಹಬ್ಬಕ್ಕೆ, ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಸೆನೆಟರ್ ಪದವಿ ಕೊಟ್ಟಿತು. ಕಾರ್ಲ್ ಎಂಜಿನಿಯರಿಂಗ್ ಓದಿದ್ದು ಅದೇ ಸಂಸ್ಥೆಯಲ್ಲಿ. ಬೆರ್ತಾ ಹುಡುಗಿಯಾಗಿದ್ದಾಗ ಅದು ಆಕೆಯನ್ನು ವಿದ್ಯಾರ್ಥಿನಿಯಾಗಿ ಒಳಗೆ ಬಿಡುತ್ತಿರಲಿಲ್ಲ. ಎರಡು ದಿನದ ನಂತರ, ಮೇ 5ರಂದು, ಲಾಡೆನ್‌ಬುರ್ಗ್‌ನ ಮನೆಯಲ್ಲಿ ಆಕೆ ಕೊನೆಯುಸಿರೆಳೆದರು.

ಹೆಂಡತಿಯ ಆಸ್ತಿಯನ್ನು ಗಂಡ ನೋಡಿಕೊಳ್ಳಬೇಕು ಅನ್ನುವ ನಿಯಮ ಬಾಡೆನ್‌ನ ಹಳೆಯ ಕಾನೂನಿನ ಜೊತೆ ಸಾಯಲಿಲ್ಲ. 1900ರಲ್ಲಿ ಇಡೀ ಜರ್ಮನಿಗೆ ಜಾರಿಯಾದ ನಾಗರಿಕ ಸಂಹಿತೆಯಲ್ಲೂ ಮುಂದುವರಿಯಿತು. ಗಂಡ ಹೆಂಡತಿ ಸಮಾನರು ಅಂತ ಈ ಸಂಹಿತೆಯನ್ನು ತಿದ್ದಿದ ಕಾಯ್ದೆ ಪಶ್ಚಿಮ ಜರ್ಮನಿಯಲ್ಲಿ ಜಾರಿಗೆ ಬಂದದ್ದು 1958ರ ಜುಲೈ 1ರಂದು. ಬೆರ್ತಾ ಆ ಗಾಡಿ ಓಡಿಸಿ ಆಗ 70 ವರ್ಷ ಆಗಿತ್ತು.

2008ರಿಂದ ಮಾನ್‌ಹೈಮ್ ಮತ್ತು ಫೋರ್ತ್ಸ್‌ಹೈಮ್ ನಡುವಿನ ಆ ದಾರಿಗೆ ಬೆರ್ತಾ ಬೆಂಜ್ ಸ್ಮಾರಕ ಮಾರ್ಗ ಅಂತ ಹೆಸರಿದೆ. ಪೇಟೆಂಟ್ ಪತ್ರದಲ್ಲಿ ಸಿಗದ ಜಾಗ ರಸ್ತೆಬದಿಯ ಫಲಕದಲ್ಲಿ ಸಿಕ್ಕಿತು. ಇರಲಿ, ಅದೂ ಬೇಕು. ಆದರೆ ಮುಂದಿನ ಸಲ ಯಾರಾದರೂ ಟೋಪಿ ಪಿನ್ನಿನ ಕಥೆ ಹೇಳಿ ನಕ್ಕರೆ, ಪೆಟ್ರೋಲ್ ಬರುತ್ತಿಲ್ಲ ಅಂತ ಆಕೆಗೆ ಹೇಗೆ ಗೊತ್ತಾಯಿತು ಅಂತ ಒಂದು ಮಾತು ಕೇಳಿ. ಅಲ್ಲಿಂದ ಮುಂದಕ್ಕೆ ಕಥೆಯನ್ನು ಬೇರೆ ಥರ ಹೇಳಬೇಕಾಗುತ್ತದೆ.