ಬಾಗಿಲು ಮುಚ್ಚಿದ್ದು ಯಾರು?

ಇವತ್ತು ಒಬ್ಬ ದೇವಸೇವಕಿಯ ಜೀವನ ಹೇಳ್ತೀನಿ. ಅವರ ಹೆಸರು ಮೇರಿ ಮೆಕ್ಲೌಡ್ ಬೆಥೂನ್.

1875ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ಹುಟ್ಟಿದರು. 17 ಮಕ್ಕಳಲ್ಲಿ 15ನೆಯವರು. ಅಪ್ಪ ಅಮ್ಮ ಇಬ್ಬರೂ ಮೊದಲು ಗುಲಾಮರಾಗಿದ್ದವರು. ಮೇರಿ ಹತ್ತಿ ಹೊಲದಲ್ಲೇ ಬೆಳೆದ ಹುಡುಗಿ. ಒಂದು ದಿನ ಅಮ್ಮನ ಜೊತೆ ಬಿಳಿಯರ ಮನೆಗೆ ಹೋದಾಗ ಅಲ್ಲಿದ್ದ ಒಂದು ಪುಸ್ತಕ ಕೈಗೆ ತಗೊಂಡಳು. ಓದೋಕೆ ಬಾರದವಳಿಗೆ ಪುಸ್ತಕ ಯಾಕೆ ಅನ್ನೋ ಹಾಗೆ ಆ ಮನೆಯ ಹುಡುಗಿ ಅದನ್ನು ಕೆಳಗಿಡಿಸಿದಳು. ಆ ಮಾತು ಮೇರಿಯ ಹೃದಯದಲ್ಲಿ ನಾಟಿಬಿಡ್ತು.

ಕಪ್ಪು ಮಕ್ಕಳಿಗಾಗಿ ಮಿಷನ್ ಶಾಲೆ ಶುರುವಾದಾಗ ಮೇರಿ ದಿನಾ ಮೈಲಿಗಟ್ಟಲೆ ನಡೆದು ಹೋದಳು. ಕಲಿತದ್ದನ್ನು ಮನೆಯವರಿಗೂ ಕಲಿಸಿದಳು. ಮುಂದಿನ ಓದಿಗೆ, ಮುಖವನ್ನೇ ಕಾಣದ ದೂರದ ಊರಿನ ಒಬ್ಬ ಸಹೋದರಿ ಹಣ ಕೊಟ್ಟರು. ಕೊನೆಗೆ ಶಿಕಾಗೋದ ಮೂಡಿ ಬೈಬಲ್ ಶಾಲೆಯಲ್ಲಿ ತರಬೇತಿ ಆಯ್ತು. ಆಫ್ರಿಕಾಕ್ಕೆ ಮಿಷನರಿಯಾಗಿ ಹೋಗಬೇಕು, ಅದೇ ಅವರ ದರ್ಶನ. ಅರ್ಜಿ ಹಾಕಿದರು. ಕಪ್ಪು ಮಿಷನರಿಗಳಿಗೆ ಅಲ್ಲಿ ಸ್ಥಳವಿಲ್ಲ ಎಂದು ಮಿಷನ್ ಮಂಡಳಿ ಅವರನ್ನು ತಿರಸ್ಕರಿಸಿತು.

ಪ್ರಿಯರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಇಂಥ ಕಡೆ ನಾವು ಬೇಗ ಹೇಳಿಬಿಡ್ತೀವಿ, ದೇವರೇ ಆ ಬಾಗಿಲು ಮುಚ್ಚಿದ್ರು ಅಂತ. ಇಲ್ಲ! ಮುಚ್ಚಿದ್ದು ಮನುಷ್ಯರು. ಅದೂ ದಿನಾ ಪ್ರಾರ್ಥನೆ ಮಾಡುವ ವಿಶ್ವಾಸಿಗಳು. ಅನ್ಯಾಯಕ್ಕೆ ದೇವರ ಚಿತ್ತ ಅಂತ ಹೆಸರಿಡಬೇಡಿ. ಆದರೆ ಮನುಷ್ಯರ ಅನ್ಯಾಯಕ್ಕೆ ದೇವರ ಕರೆಯನ್ನು ರದ್ದು ಮಾಡೋ ಶಕ್ತಿ ಇಲ್ಲ. ಹಲ್ಲೆಲೂಯಾ!

1904ರ ಅಕ್ಟೋಬರ್ 3ರಂದು ಫ್ಲಾರಿಡಾದ ಡೇಟೋನಾದಲ್ಲಿ ಅವರು ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಕೈಯಲ್ಲಿದ್ದದ್ದು 1.50 ಡಾಲರ್. 5 ಹುಡುಗಿಯರು, ಜೊತೆಗೆ ತಮ್ಮ ಮಗ. ಹಳೇ ಪೆಟ್ಟಿಗೆಗಳೇ ಮೇಜು, ಕಾಡುಹಣ್ಣಿನ ರಸವೇ ಶಾಯಿ. ಸಿಹಿಗೆಣಸಿನ ಪೈ ಮಾಡಿ ಮಾರಿ ದುಡ್ಡು ಕೂಡಿಸಿದರು. ಊರಿನ ಕಸ ಸುರಿಯೋ ಜಾಗ ಕೊಂಡು ಅಲ್ಲೇ ಕಟ್ಟಡ ಎಬ್ಬಿಸಿದರು. ಕಾಯಿಲೆಬಿದ್ದ ವಿದ್ಯಾರ್ಥಿನಿಯನ್ನು ಬಿಳಿಯರ ಆಸ್ಪತ್ರೆ ಹಿಂದಿನ ವರಾಂಡದಲ್ಲಿ ಮಲಗಿಸಿತ್ತು. ಅದನ್ನು ಕಂಡು 1911ರಲ್ಲಿ ಆಸ್ಪತ್ರೆಯನ್ನೂ ತೆರೆದರು. ಕಪ್ಪು ಜನರನ್ನು ಮತದಾನಕ್ಕೆ ಸಿದ್ಧಮಾಡಿದಾಗ ಕು ಕ್ಲಕ್ಸ್ ಕ್ಲಾನ್ ಗುಂಪು ಶಾಲೆಯ ಬಳಿಗೇ ಬಂತು. ಅವರು ಜಗ್ಗಲಿಲ್ಲ.

ಆ ಪುಟ್ಟ ಶಾಲೆ ಕಾಲೇಜಾಯಿತು, ಇಂದು ಬೆಥೂನ್-ಕುಕ್ಮನ್ ವಿಶ್ವವಿದ್ಯಾಲಯ. 1936ರಿಂದ ರೂಸ್‌ವೆಲ್ಟ್ ಸರ್ಕಾರದ ಯುವಜನ ಸಂಸ್ಥೆಯಲ್ಲಿ ಕಪ್ಪು ಯುವಕರ ವಿಭಾಗವನ್ನು ಅವರು ನಡೆಸಿದರು. 1955ರಲ್ಲಿ ಕರ್ತನ ಬಳಿಗೆ ಸೇರಿದರು. 2022ರಲ್ಲಿ ಅಮೆರಿಕದ ಸಂಸತ್ ಭವನದಲ್ಲಿ ಅವರ ಪ್ರತಿಮೆ ನಿಂತಿತು. ಅದಕ್ಕೂ ಮೊದಲು ಫ್ಲಾರಿಡಾದ ಪರವಾಗಿ ಅಲ್ಲಿ ಯಾರ ಪ್ರತಿಮೆ ಇತ್ತು ಗೊತ್ತಾ? ಗುಲಾಮಗಿರಿ ಉಳಿಸೋಕೆ ಯುದ್ಧ ಮಾಡಿದ ಪಕ್ಷದ ಒಬ್ಬ ಸೇನಾಧಿಕಾರಿಯದು.

ನಿಮ್ಮಲ್ಲಿ ಕೆಲವರು ಮುಚ್ಚಿದ ಬಾಗಿಲಿನ ಮುಂದೆ ಕೂತು ಅಳ್ತಿದ್ದೀರ. ಏಳಿ, ನಿಮ್ಮ ಕರೆ ಇನ್ನೂ ಜೀವಂತವಾಗಿದೆ. ಆದರೆ ಎಲ್ಲರಿಗೂ ಇನ್ನೊಂದು ಪ್ರಶ್ನೆ. ನಾವು ಯಾರ ಕೈಯಿಂದ ಪುಸ್ತಕ ಕೆಳಗಿಡಿಸಿದ್ದೀವಿ? ಬಣ್ಣ, ಜಾತಿ, ಭಾಷೆ ನೋಡಿ ಸಭೆಯಲ್ಲಿ ಯಾರನ್ನು ಹಿಂದಿನ ಸಾಲಿಗೆ ಕಳಿಸಿದ್ದೀವಿ? ಮೇರಿಯನ್ನು ತಡೆದವರೂ ವಿಶ್ವಾಸಿಗಳೇ ಅನ್ನೋದನ್ನ ಮರೀಬೇಡಿ.

ತಲೆ ಬಾಗಿಸೋಣ, ಪ್ರಾರ್ಥನೆ ಮಾಡೋಣ. ಆಮೆನ್.