ಕಪ್ಪು ಕಲೆಗಳ ಬರ್ನಾರ್ಡ್

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ಹಿಂಜರಿದೆ. ನಾನು ಈ ಶಾಲೆಯಲ್ಲಿ ಓದಿದ್ದು ಒಂಬತ್ತನೇ ತರಗತಿಯ ಅರ್ಧದವರೆಗೆ ಮಾತ್ರ. ತಂದೆ ತೀರಿಕೊಂಡ ಮೇಲೆ ಪೇಟೆಯ ಫೋಟೋ ಸ್ಟುಡಿಯೋ ಸೇರಿದೆ, ಅಲ್ಲೇ ತಲೆ ನರೆಯಿತು. ಒಮ್ಮೆ ನಮ್ಮ ವಿಜ್ಞಾನದ ಮೇಷ್ಟ್ರು ಫೋಟೋ ತೆಗೆಸಲು ಬಂದವರು ಡಾರ್ಕ್‌ರೂಮಿನ ಬಾಗಿಲಲ್ಲಿ ನಿಂತು, ನನ್ನ ಹಾಗೆಯೇ ಸ್ಟುಡಿಯೋದಲ್ಲಿ ಬೆಳೆದ ಒಬ್ಬನ ಹೆಸರು ಹೇಳಿ ಹೋದರು. ಎಡ್ವರ್ಡ್ ಎಮರ್ಸನ್ ಬರ್ನಾರ್ಡ್. ಅಂದಿನಿಂದ ಆತನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಶಾಲೆಯ ನೆನಪು ಬರೆಯಲು ಬಹಳ ಜನರಿದ್ದಾರೆ. ನಾನು ಈ ಕಥೆ ಬರೆಯುತ್ತೇನೆ.

ಅಮೆರಿಕದ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ 1857ರ ಡಿಸೆಂಬರ್ 16ರಂದು ಬರ್ನಾರ್ಡ್ ಹುಟ್ಟಿದ. ಅಷ್ಟರಲ್ಲಾಗಲೇ ತಂದೆ ತೀರಿಕೊಂಡಿದ್ದ. ಆಮೇಲೆ ಅಂತರ್ಯುದ್ಧ, ಹಸಿವು. ಶಾಲೆಯ ಮೆಟ್ಟಿಲು ಹತ್ತಿದ್ದು ಎರಡು ತಿಂಗಳಷ್ಟೇ. ಓದು ಬರಹ ಕಲಿಸಿದವಳು ತಾಯಿ. ಒಂಬತ್ತು ತುಂಬುವ ಮೊದಲೇ ಊರಿನ ಫೋಟೋ ಗ್ಯಾಲರಿಯಲ್ಲಿ ಕೆಲಸಕ್ಕೆ ಸೇರಿದ. ಆಗ ವಿದ್ಯುದ್ದೀಪವಿರಲಿಲ್ಲ, ಚಿತ್ರವನ್ನು ದೊಡ್ಡದು ಮಾಡಲು ಬಿಸಿಲೇ ಬೇಕಿತ್ತು. ಅದಕ್ಕಾಗಿ ಇಟ್ಟಿದ್ದ ಭಾರಿ ಯಂತ್ರವನ್ನು ಸೂರ್ಯ ಸರಿದಂತೆಲ್ಲ ಚಕ್ರ ತಿರುಗಿಸುತ್ತ ಸೂರ್ಯನತ್ತಲೇ ಹಿಡಿದಿರುವುದು ಹುಡುಗನ ಕೆಲಸ. ಬೇಸರದ ಕೆಲಸ. ಆದರೆ ಆಕಾಶ ನಿಲ್ಲುವುದಿಲ್ಲ, ಅದರ ಹಿಂದೆ ನಾವೇ ಹೋಗಬೇಕು ಎಂಬುದು ಆತನ ಕೈಗೆ ಹತ್ತಿದ್ದು ಅಲ್ಲಿಯೇ.

ಸಾಲಕ್ಕೆ ಒತ್ತೆಯಾಗಿ ಯಾರೋ ಬಿಟ್ಟುಹೋದ ಖಗೋಳದ ಪುಸ್ತಕವೊಂದು ಕೈಗೆ ಸಿಕ್ಕಿ, ನಕ್ಷತ್ರಗಳ ಹುಚ್ಚು ಹಿಡಿಯಿತು. ಕೆಲವು ವರ್ಷಗಳ ಬಳಿಕ 380 ಡಾಲರ್ ಕೊಟ್ಟು ಐದು ಅಂಗುಲದ ದೂರದರ್ಶಕ ಕೊಂಡ. ಅದು ಆತನ ವರ್ಷದ ಸಂಬಳದ ಮೂರರಲ್ಲಿ ಎರಡು ಪಾಲು. 1877ರಲ್ಲಿ ವಿಜ್ಞಾನಿಗಳ ಸಮ್ಮೇಳನ ಅದೇ ಊರಿನಲ್ಲಿ ನಡೆಯಿತು. ಹೆಸರಾಂತ ಖಗೋಳಜ್ಞ ಸೈಮನ್ ನ್ಯೂಕೂಂಬ್ ಬಳಿ ಹೋಗಿ ತಾನೇನು ಮಾಡಬಹುದೆಂದು ಕೇಳಿದ. ಗಣಿತ ಬಾರದವನಿಗೆ ದೂರದರ್ಶಕದಿಂದ ಪ್ರಯೋಜನವಿಲ್ಲ ಎಂಬರ್ಥದ ಉತ್ತರ ಬಂತು. ಬರ್ನಾರ್ಡ್ ಕಂಬದ ಮರೆಗೆ ಹೋಗಿ ಅತ್ತ. ಆಮೇಲೆ ದುಡ್ಡು ಕೊಟ್ಟು ಗಣಿತ ಹೇಳಿಸಿಕೊಂಡ. ನಾನೂ ಅತ್ತದ್ದುಂಟು, ಹೇಳಿಸಿಕೊಳ್ಳಲು ಮಾತ್ರ ಹೋಗಲಿಲ್ಲ.

ಹೊಸ ಧೂಮಕೇತು ಕಂಡುಹಿಡಿದವರಿಗೆ ಆಗ 200 ಡಾಲರ್ ಬಹುಮಾನವಿತ್ತು. ಆ ಹಣ ಒಂದೊಂದಾಗಿ ಬಂದು ಮನೆಯ ಸಾಲ ತೀರುತ್ತಿತ್ತು. ಮುಂದೆ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದಲ್ಲಿ ಕೆಲಸ ಸಿಕ್ಕಿತು. ಗೆಲಿಲಿಯೋ ಕಂಡ ನಾಲ್ಕು ಚಂದ್ರರ ನಂತರ 282 ವರ್ಷ ಗುರುಗ್ರಹಕ್ಕೆ ಐದನೆಯದು ಸಿಕ್ಕಿರಲಿಲ್ಲ. 1892ರ ಸೆಪ್ಟೆಂಬರ್ 9ರಂದು ಬರ್ನಾರ್ಡ್ ಅದನ್ನು ಕಂಡ. ಜಗತ್ತಿಗೆ ಆತ ಗೊತ್ತಾದದ್ದು ಇದರಿಂದ. ನನಗೆ ಮಾತ್ರ ಇದಕ್ಕಿಂತ ಆತನ ಗಾಜಿನ ಪ್ಲೇಟುಗಳೇ ದೊಡ್ಡವು.

ಲಿಕ್‌ನಲ್ಲಿ ಆತ ಹಾಲುಹಾದಿಯ ಫೋಟೋ ತೆಗೆಯತೊಡಗಿದ್ದು ಯಾವ ಮಸೂರದಿಂದ ಗೊತ್ತೇ? ಜನರ ಮುಖ ತೆಗೆಯಲು ಮಾಡಿದ್ದ ಹಳೆಯ ಸ್ಟುಡಿಯೋ ಮಸೂರದಿಂದ. ಗಂಟೆಗಟ್ಟಲೆ ಪ್ಲೇಟಿಗೆ ಬೆಳಕು ಬೀಳಬೇಕು. ಅಷ್ಟು ಹೊತ್ತೂ ಕಣ್ಣಿಟ್ಟು ಒಂದು ನಕ್ಷತ್ರವನ್ನು ಗೆರೆಯ ಮೇಲೆಯೇ ಹಿಡಿದಿರಬೇಕು. ಗ್ಯಾಲರಿಯ ಹುಡುಗ ಕಲಿತ ಕೆಲಸವೇ ಅದು. ಪ್ಲೇಟು ತೊಳೆದಾಗ ನಕ್ಷತ್ರಗಳ ದಟ್ಟಣೆಯ ನಡುವೆ ಅಲ್ಲಲ್ಲಿ ಏನೂ ಮೂಡದ ಜಾಗಗಳು ಕಂಡವು. ನೆಗೆಟಿವ್ ನೋಡಿದವರಿಗೆ ಇದು ಗೊತ್ತು: ನಕ್ಷತ್ರ ಕಪ್ಪು ಚುಕ್ಕೆಯಾಗುತ್ತದೆ, ಬೆಳಕು ಬೀಳದ ಕಡೆ ಬರಿಯ ಗಾಜು ಉಳಿಯುತ್ತದೆ. ಬರಿಯ ಗಾಜನ್ನು ಕಂಡರೆ ಏನೂ ಇಲ್ಲವೆಂದೇ ಅನಿಸುವುದು ಸಹಜ. ಹಿಂದೆ ವಿಲಿಯಂ ಹರ್ಷಲ್ ಕೂಡ ಇಂಥವನ್ನು ಆಕಾಶದ ತೂತು ಎಂದೇ ತಿಳಿದಿದ್ದ. ಬರ್ನಾರ್ಡ್ ಕೂಡ ಬಹಳ ವರ್ಷ ಹಾಗೆಯೇ ನಂಬಿದ್ದ. ಅನುಮಾನ ಬಂದ ಮೇಲೂ ಬೇಗ ಬಾಯಿಬಿಡಲಿಲ್ಲ.

1895ರಲ್ಲಿ ಆತ ಷಿಕಾಗೋ ವಿಶ್ವವಿದ್ಯಾಲಯದ ಯರ್ಕ್ಸ್ ವೀಕ್ಷಣಾಲಯಕ್ಕೆ ಹೋದ. 1913ರ ಬೇಸಿಗೆಯ ಒಂದು ಅಮಾವಾಸ್ಯೆಯಂಥ ರಾತ್ರಿ ಧನು ರಾಶಿಯ ಕಡೆ ಪ್ಲೇಟು ಒಡ್ಡಿದ್ದಾಗ, ನಮ್ಮ ಮಳೆಗಾಲದಲ್ಲಿ ಕಾಣುವಂಥ ಪುಟ್ಟ ಮೋಡಗಳು ಹಾಲುಹಾದಿಯ ಮುಂದೆ ತೇಲಿಬಂದವು. ಹಗಲಲ್ಲಿ ಬೆಳ್ಳಗಿರುವ ಆ ಮೋಡಗಳು ಹಿಂದಿನ ನಕ್ಷತ್ರಗಳ ಬೆಳಕಿನೆದುರು ಮಸಿಯ ಹನಿಗಳಂತೆ ಕಪ್ಪಗಿದ್ದವು. ತನ್ನ ಪ್ಲೇಟುಗಳಲ್ಲಿದ್ದ ಕಲೆಗಳೂ ಹೀಗೆಯೇ ಇದ್ದವಲ್ಲವೇ? ಅವು ತೂತಲ್ಲ, ಅಡ್ಡ ನಿಂತ ವಸ್ತು. 1919ರಲ್ಲಿ ಅಂಥ 182 ಕಲೆಗಳ ಪಟ್ಟಿ ಪ್ರಕಟಿಸಿದ. ಎಲ್ಲವನ್ನೂ ಹಾಗೆನ್ನಲು ಆಗಲೂ ಆತನಿಗೆ ಧೈರ್ಯವಿರಲಿಲ್ಲ. ಇದನ್ನು ಕೆಲವರು ದೌರ್ಬಲ್ಯ ಅನ್ನುತ್ತಾರೆ. ಪ್ಲೇಟಿನ ದೋಷವನ್ನು ಭೂತವೆಂದು ನಂಬಿದ ಗಿರಾಕಿಗಳನ್ನು ಕಂಡಿರುವ ನನಗೆ ಹಾಗನ್ನಿಸುವುದಿಲ್ಲ.

ಆ ಕಪ್ಪು ಏನೆಂದು ತಿಳಿದದ್ದು ಆತ ಸತ್ತು ಎಷ್ಟೋ ವರ್ಷಗಳ ಮೇಲೆ. ಅವು ಹೈಡ್ರೋಜನ್ ಅಣುಗಳ, ಧೂಳಿನ ಮೋಡಗಳು. ಒಳಗೆ ಶೂನ್ಯಕ್ಕಿಂತ 260 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿನ ಚಳಿ. ನಕ್ಷತ್ರ ಹುಟ್ಟುವುದು ಇಂಥ ಮೋಡದಲ್ಲಿ. ಹಾಗೆ ಹುಟ್ಟಿದ ಭಾರಿ ನಕ್ಷತ್ರ ಬೇಗ ಉರಿದುಹೋಗಿ, ತನ್ನ ತೊಟ್ಟಿಲಿನ ಮಗ್ಗುಲಲ್ಲೇ ಸಿಡಿಯುತ್ತದೆ. ಸಿಡಿದ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹೊರಟು ಮೋಡಕ್ಕೆ ಬಡಿಯುತ್ತದೆ. ಹಳ್ಳಕ್ಕೆ ನೆರೆ ಬಂದಾಗ ಮರಳು ಕೊಚ್ಚಿಹೋಗಿ ಬಂಡೆ ನಿಲ್ಲುವುದಿಲ್ಲವೇ, ಹಾಗೆ. ತೆಳುವಾದ ಭಾಗದಲ್ಲಿ ಹೊಡೆತದ ಅಲೆ ವೇಗವಾಗಿ ನುಗ್ಗಿ ಅದನ್ನು ಚದುರಿಸುತ್ತದೆ. ದಟ್ಟವಾದ ಗಂಟುಗಳಿಗೆ ತಾಗಿದಾಗ ಅಲೆಯ ವೇಗ ಸೆಕೆಂಡಿಗೆ ಹತ್ತಾರು ಕಿಲೋಮೀಟರಿಗೆ ಇಳಿಯುತ್ತದೆ. ಗಂಟಿನ ಅಂಚು ಕಾದು, ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಹೊಳೆಯುತ್ತದೆ, ಧೂಳಿನ ಕಣಗಳು ಒಡೆಯುತ್ತವೆ. ಕೆಲವು ಗಂಟುಗಳು ಹರಿದುಹೋಗುತ್ತವೆ. ಒತ್ತಡಕ್ಕೆ ಸಿಕ್ಕ ಕೆಲವು ತಮ್ಮೊಳಗೇ ಕುಸಿದು ಹೊಸ ನಕ್ಷತ್ರಗಳಾಗಬಹುದು.

ನಮ್ಮ ಊರಿನವರಿಗೆ ಇದರ ಜಾಗ ತೋರಿಸಬಲ್ಲೆ. ಮೃಗಶಿರ ಮಳೆ ಎಲ್ಲರಿಗೂ ಗೊತ್ತು, ನಕ್ಷತ್ರ ಗೊತ್ತಿರುವವರು ಕಡಿಮೆ. ಸಂಕ್ರಾಂತಿಯ ಹೊತ್ತಿಗೆ ಸಂಜೆ ಪೂರ್ವಕ್ಕೆ ನೋಡಿ. ನೇರ ಸಾಲಿನ ಮೂರು ಹೊಳೆಯುವ ನಕ್ಷತ್ರಗಳಲ್ಲ, ಅವಕ್ಕೂ ಉತ್ತರಕ್ಕೆ ಗುಂಪುಗೂಡಿರುವ ಮೂರು ಮಂಕು ಚುಕ್ಕೆಗಳೇ ಮೃಗಶಿರ. ಅದರ ಸುತ್ತ, ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ, ಬರಿಗಣ್ಣಿಗೆ ಕಾಣದ ದೊಡ್ಡ ಉಂಗುರವಿದೆ. ಹಿಂದೆ ಅಲ್ಲೆಲ್ಲ ಮೋಡವಿತ್ತು, ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆ ನಡುವಿನ ಒಂದು ನಕ್ಷತ್ರ ಸಿಡಿದು ಅದನ್ನು ಹೊರಕ್ಕೆ ತಳ್ಳಿತು ಎಂದು ಹಲವು ಖಗೋಳಜ್ಞರ ಲೆಕ್ಕ. ಅಂಚಿನಲ್ಲಿ ಉಳಿದ ಗಂಟುಗಳಲ್ಲಿ ಎರಡು ಬರ್ನಾರ್ಡ್ ಪಟ್ಟಿಯ 30 ಮತ್ತು 35ನೆಯವು. ಎರಡರಲ್ಲೂ ಎಳೆಯ ನಕ್ಷತ್ರಗಳಿವೆ.

ಕೊನೆಯ ವರ್ಷಗಳಲ್ಲಿ ಬರ್ನಾರ್ಡ್‌ಗೆ ಸಕ್ಕರೆ ಕಾಯಿಲೆ. 1921ರಲ್ಲಿ ಹೆಂಡತಿ ರೋಡಾ ಹೋದಳು. ಮಕ್ಕಳಿರಲಿಲ್ಲ. ಹಾಲುಹಾದಿಯ ಐವತ್ತು ಚಿತ್ರಗಳ ಸಂಪುಟ ತರಬೇಕೆಂದು ಹಟ ಹಿಡಿದಿದ್ದ. ಅಚ್ಚಿನಲ್ಲಿ ಕೆಡುತ್ತದೆಂದು ಪ್ರತಿಯೊಂದಕ್ಕೂ ಫೋಟೋ ಪ್ರಿಂಟನ್ನೇ ಅಂಟಿಸಬೇಕು. 700 ಪ್ರತಿಗಳಿಗೆ ಮೂವತ್ತೈದು ಸಾವಿರ ಪ್ರಿಂಟು. ಒಂದೊಂದನ್ನೂ ಆತನೇ ಪರೀಕ್ಷಿಸಿದ. 1923ರ ಫೆಬ್ರವರಿ 6ರಂದು ತೀರಿಕೊಂಡ. ಸಂಪುಟ ಹೊರಬಂದದ್ದು 1927ರಲ್ಲಿ, ಕಚೇರಿಯ ಮುಖ್ಯಸ್ಥರ ಜೊತೆ ರೋಡಾಳ ಸಂಬಂಧಿ ಮೇರಿ ಕಾಲ್ವರ್ಟ್ ಕೂತು ಕೆಲಸ ಮುಗಿಸಿದ ಮೇಲೆ. ಪಟ್ಟಿ ಅಷ್ಟರಲ್ಲಿ 349 ಮುಟ್ಟಿತ್ತು.

ಮದುವೆ ಸೀಸನ್ನಿನಲ್ಲಿ ಇನ್ನೂರು ಪ್ರಿಂಟು ನೋಡುವಷ್ಟರಲ್ಲಿ ನನಗೆ ಕಣ್ಣು ಉರಿಯುತ್ತಿತ್ತು.

ಮೃಗಶಿರದ ಆ ಉಂಗುರದ ಚಿತ್ರವೊಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಶಾಲೆಯ ವಿಜ್ಞಾನ ಕೊಠಡಿಗೆ ಕೊಟ್ಟಿದ್ದೇನೆ. 30 ಮತ್ತು 35ರ ಜಾಗಕ್ಕೆ ಕೆಂಪು ಮಸಿಯಲ್ಲಿ ಗುರುತು ಹಾಕಿದೆ. ಕೆಳಗಿನ ಎಡ ಮೂಲೆಯ ಬಿಳಿ ಚುಕ್ಕೆಯನ್ನು ಮಕ್ಕಳು ನಕ್ಷತ್ರವೆಂದು ಎಣಿಸಬಾರದು. ಅದು ನನ್ನ ಯಂತ್ರದ ಗಾಜಿನ ಮೇಲಿದ್ದ ಧೂಳು.