ಸ್ವಾಮಿ ರಾಮಾನಂದ ತೀರ್ಥರು: ಶಾಲೆಯಿಂದ ಸೆರೆಮನೆಗೆ ನಡೆದ ಗುರು

ದೇವಾಲಯದ ಶತಮಾನೋತ್ಸವ ಸಂಚಿಕೆಯಲ್ಲಿ ಕಾವಿ ಧರಿಸಿದ ಸಂನ್ಯಾಸಿಯೊಬ್ಬರ ಚರಿತ್ರೆಯನ್ನು ಬರೆಯಹೊರಟಿರುವುದು ಕೆಲವು ಬಾಂಧವರಿಗೆ ಸೋಜಿಗವೆನಿಸಬಹುದು. ಆದರೆ ಧರ್ಮಕೇಂದ್ರದ ಕಥೆಯಲ್ಲಿ ಶಾಲೆಯ ಕಥೆ ಸೇರಿಯೇ ಇರುತ್ತದೆ. ಶಾಲೆಯ ಕಥೆಯಲ್ಲಿ ಅನುಮತಿ, ಮಾನ್ಯತೆ, ಅನುದಾನ ಎಂಬ ಮೂರು ಮಾತುಗಳು ಬಾರದೆ ಇರವು. ಈ ಮೂರು ಮಾತುಗಳಿಗಾಗಿ ನಮ್ಮ ಸೀಮೆಯಲ್ಲಿ ನಡೆದ ಹೋರಾಟವನ್ನು ನೆನೆಯುವಾಗ ಸ್ವಾಮಿ ರಾಮಾನಂದ ತೀರ್ಥರನ್ನು ಮರೆಯುವಂತಿಲ್ಲ.

ಅವರು ಹುಟ್ಟಿದ್ದು 1903ರ ಅಕ್ಟೋಬರ್ 3ರಂದು, ಬಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ. ಪೂರ್ವಾಶ್ರಮದ ಹೆಸರು ವೆಂಕಟೇಶ ಭವಾನರಾವ್ ಖೇಡಗೀಕರ. ಸಿಂದಗಿಗೂ ಜೇವರ್ಗಿ ಸೀಮೆಯ ಇಜೇರಿಗೂ ನಡುವೆ ಇರುವುದು ಕೆಲವೇ ಹರದಾರಿ. ನೆಲವೊಂದೇ, ಜೋಳದ ಬೆಳೆಯೊಂದೇ, ಆಡುವ ಕನ್ನಡವೂ ಒಂದೇ. ಆದರೂ ಅಂದು ಸಿಂದಗಿ ಮುಂಬಯಿ ಪ್ರಾಂತಕ್ಕೂ ಇಜೇರಿ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೂ ಸೇರಿದ್ದವು. ಡೆಪ್ಯುಟಿ ಚನ್ನಬಸಪ್ಪನವರಂತಹ ಅಧಿಕಾರಿಗಳ ಶ್ರಮದಿಂದ ಆ ಕಡೆಯ ಸರಕಾರಿ ಶಾಲೆಗಳಲ್ಲಿ ಕನ್ನಡ ನೆಲೆಯೂರಿ ಎಷ್ಟೋ ವರ್ಷಗಳಾಗಿದ್ದವು. ಈ ಕಡೆ ಕಚೇರಿಯ ಭಾಷೆ ಉರ್ದು. ಕೆಳಗಿನ ತರಗತಿಗಳನ್ನು ದಾಟಿ ಮುಂದೆ ಓದಬೇಕೆನ್ನುವ ಹುಡುಗನಿಗೂ ಅದೇ ಉರ್ದು. ಕಂದಾಯ ಕಟ್ಟುವ ರೈತರಲ್ಲಿ ಬಹುಪಾಲು ಜನ ತೆಲುಗು, ಮರಾಠಿ, ಕನ್ನಡದವರು. ಅವರ ಹಣದಿಂದ ನಡೆಯುವ ಪ್ರೌಢಶಾಲೆಯಲ್ಲಿ ಅವರ ಮಾತಿಗೆ ಸ್ಥಾನವಿರಲಿಲ್ಲ. ಜಗಳದ ಮೂಲ ಇಲ್ಲಿದೆ.

ನಿಜಾಮ ಸರಕಾರದ ವಿಷಯದಲ್ಲಿ ಅನ್ಯಾಯದ ಮಾತನ್ನು ಆಡಬಾರದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉಚ್ಚ ಶಿಕ್ಷಣವನ್ನು ಇಂಗ್ಲಿಷಿನ ಬದಲು ಭಾರತೀಯ ಭಾಷೆಯೊಂದರಲ್ಲಿ ಕೊಡಲು ಧೈರ್ಯ ಮಾಡಿತು; ಅದಕ್ಕಾಗಿ ಭಾಷಾಂತರದ ಇಲಾಖೆಯನ್ನೇ ಕಟ್ಟಿತು. ಕಾಶಿಯ ಹಿಂದೂ ವಿಶ್ವವಿದ್ಯಾಲಯಕ್ಕೂ ನಿಜಾಮರ ದಾನ ಸಂದಿದೆ. ಹಣ ಕೊಡುವ ಕೈ ಬಿಗಿಯಾಗಿರಲಿಲ್ಲ. ಆದರೆ ಸ್ವಂತ ಪ್ರಜೆಗಳು ಸ್ವಂತ ಹಣ ಕೂಡಿಸಿ, ಸ್ವಂತ ಭಾಷೆಯಲ್ಲಿ ಶಾಲೆ ತೆರೆಯುತ್ತೇವೆಂದರೆ ಆ ಸರಕಾರಕ್ಕೆ ಸಂಶಯ ಹುಟ್ಟುತ್ತಿತ್ತು. 1920ರ ದಶಕದಲ್ಲಿ ಬಂದ ನಿಯಮಗಳ ಪ್ರಕಾರ ವಿದ್ಯಾ ಇಲಾಖೆಯ ಅನುಮತಿಯಿಲ್ಲದೆ ಖಾಸಗಿ ಶಾಲೆಯನ್ನು ನಡೆಸುವಂತಿರಲಿಲ್ಲ. ಸರಕಾರದ ಒಂದು ಕಾಸನ್ನೂ ಬೇಡದ ಹಳ್ಳಿಯ ಶಾಲೆಗೂ ಈ ನಿಯಮ ಅನ್ವಯಿಸುತ್ತಿತ್ತು. ಗುಲ್ಬರ್ಗಾದಲ್ಲಿ 1907ರಲ್ಲಿ ಹುಟ್ಟಿದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್ದರ್ದ್ ಶಾಲೆ, ಇವೆಲ್ಲ ಬಾಳಿದ್ದು ಇಂತಹ ಸಂಶಯದ ಗಾಳಿಯಲ್ಲಿಯೇ.

ವೆಂಕಟೇಶ ಸೊಲ್ಲಾಪುರದಲ್ಲಿ ವಿದ್ಯಾರ್ಥಿಯಾಗಿದ್ದಾಗ, 1920ರಲ್ಲಿ, ಲೋಕಮಾನ್ಯ ತಿಲಕರು ತೀರಿಕೊಂಡರು. ಬಾಳನ್ನು ದೇಶಸೇವೆಗೆ ಮುಡಿಪಾಗಿಸುವ ಸಂಕಲ್ಪವನ್ನು ಆ ಹುಡುಗ ಆಗಲೇ ಮಾಡಿದನು. ಅಸಹಕಾರದ ಕರೆ ಬಂದೊಡನೆ ಸರಕಾರಿ ಶಿಕ್ಷಣವನ್ನು ತೊರೆದು, ರಾಷ್ಟ್ರೀಯ ವಿದ್ಯಾಪೀಠದ ಮಾರ್ಗವಾಗಿ ಓದನ್ನು ಪೂರೈಸಿದನು. ಬಳಿಕ ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಜೊತೆ ಕೆಲಸ. ಅಲ್ಲಿ ದೇಹ ಸೋತಿತು; ಕಾಯಿಲೆ ಬಹುಕಾಲ ಕಾಡಿತು.

ಚೇತರಿಸಿಕೊಂಡವರು ಬಂದದ್ದು ನಿಜಾಮ ಸೀಮೆಯ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಿ ಎಂಬ ಸಣ್ಣ ಊರಿನ ರಾಷ್ಟ್ರೀಯ ಶಾಲೆಗೆ. ಸರಕಾರದ ಹಂಗಿಲ್ಲದೆ ನಡೆಯಬೇಕೆಂದು ಹುಟ್ಟಿದ ಶಾಲೆ ಅದು. ಹಂಗಿಲ್ಲದ ಶಾಲೆ ಎಂದರೇನೆಂದು ಅಲ್ಲಿ ಪಾಠ ಹೇಳಿದವರಿಗೇ ಗೊತ್ತು. ಸಂಬಳ ನೆಚ್ಚುವಂತಿಲ್ಲ, ಮಕ್ಕಳ ಪರೀಕ್ಷೆಗೆ ಮಾನ್ಯತೆಯಿಲ್ಲ, ದಾನಿಗಳ ಉತ್ಸಾಹ ಒಂದು ವರ್ಷವಿದ್ದಂತೆ ಇನ್ನೊಂದು ವರ್ಷವಿಲ್ಲ. ನಮ್ಮ ಧರ್ಮಕೇಂದ್ರಗಳ ಹಿರಿಯರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿದ್ದ ಕಾಲದಲ್ಲಿಯೇ ಅವರು ಸಂನ್ಯಾಸವನ್ನು ಸ್ವೀಕರಿಸಿ ರಾಮಾನಂದ ತೀರ್ಥರಾದರು. ಮುಂದೆ ಬಾಬಾಸಾಹೇಬ ಪರಾಂಜಪೆಯವರೇ ಮೊದಲಾದ ಸಹೋದ್ಯೋಗಿಗಳೊಡನೆ ಅಂಬಾಜೋಗಾಯಿಗೆ ಹೋಗಿ, ಯೋಗೇಶ್ವರಿ ವಿದ್ಯಾಲಯವನ್ನು ಬೆಳೆಸಿದರು.

ಸ್ವಾಮಿಗಳ ಬಾಳಿನ ತಿರುವು 1938. ಸರಕಾರದ ಹಣವನ್ನು ಬೇಡೆನ್ನುವುದರಿಂದ ಮಾತ್ರ ಶಾಲೆಗೆ ಸ್ವಾತಂತ್ರ್ಯ ದೊರೆಯದು, ಅನುಮತಿಯ ಬೀಗದ ಕೈ ದೊರೆಯ ಸೊಂಟದಲ್ಲಿಯೇ ಇರುತ್ತದೆ ಎಂಬುದನ್ನು ಹತ್ತು ವರ್ಷಗಳ ಅಧ್ಯಾಪನವು ಅವರಿಗೆ ತೋರಿಸಿತ್ತೆಂದು ನಾವು ಭಾವಿಸುತ್ತೇವೆ. ಅವರು ಶಾಲೆಯನ್ನು ತೊರೆದು ರಾಜಕಾರಣಕ್ಕೆ ಇಳಿದರು. ಹುಟ್ಟುವ ಮೊದಲೇ ನಿಷೇಧಕ್ಕೊಳಗಾದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹ ಅಕ್ಟೋಬರಿನಲ್ಲಿ ಮೊದಲಾಯಿತು. ಸ್ವಾಮಿಗಳು ಸೆರೆಮನೆ ಸೇರಿದರು. ಅದೇ ವರ್ಷದ ಕೊನೆಯಲ್ಲಿ ಉಸ್ಮಾನಿಯಾದ ವಿದ್ಯಾರ್ಥಿಗಳು ವಂದೇ ಮಾತರಂ ಹಾಡಿದ್ದಕ್ಕಾಗಿ ಹೊರದೂಡಲ್ಪಟ್ಟರು. ಮುಷ್ಕರದ ಬಿಸಿ ಗುಲ್ಬರ್ಗಾಕ್ಕೂ ತಟ್ಟಿತು. ಹೊರಬಿದ್ದವರಿಗೆ ನಾಗಪುರ ವಿಶ್ವವಿದ್ಯಾಲಯವು ಬಾಗಿಲು ತೆರೆಯಿತು. ಅಲ್ಲಿ ಓದು ಮುಂದುವರಿಸಿದವರಲ್ಲಿ ಪಿ. ವಿ. ನರಸಿಂಹರಾವ್ ಒಬ್ಬರು. ಅವರು ಮುಂದೆ ಸ್ವಾಮಿಗಳ ಅನುಯಾಯಿಗಳಾದರು, ಅನಂತರ ದೇಶದ ಪ್ರಧಾನಿಗಳೂ ಆದರು.

1940ರಲ್ಲಿ ಮತ್ತೆ ಸೆರೆ. 1946ರಲ್ಲಿ ನಿಷೇಧ ತೊಲಗಿತು. 1947ರ ಆಗಸ್ಟ್ 15ರಂದು ಇಡೀ ದೇಶ ದೀಪ ಹಚ್ಚಿದಾಗ ಹೈದರಾಬಾದಿನಲ್ಲಿ ಸ್ವಾಮಿಗಳು ಬಂಧಿತರಾದರು; ಬಿಡುಗಡೆ 1948ರ ಸೆಪ್ಟೆಂಬರ್ 17ರಂದು, ಸಂಸ್ಥಾನದೊಡನೆಯೇ.

ಎರಡು ವರ್ಷ ಕಳೆಯುವುದರೊಳಗೆ ಭಾರತದ ಸಂವಿಧಾನ ಜಾರಿಗೆ ಬಂತು. ಅದರ 30ನೆಯ ಅನುಚ್ಛೇದವು ಮತದ ಅಥವಾ ಭಾಷೆಯ ಅಲ್ಪಸಂಖ್ಯಾತರಿಗೆ ತಮ್ಮ ಇಚ್ಛೆಯ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿತು; ಅಲ್ಪಸಂಖ್ಯಾತರ ಆಡಳಿತದಲ್ಲಿದೆ ಎಂಬ ಕಾರಣಕ್ಕೆ ಯಾವ ಸಂಸ್ಥೆಗೂ ಅನುದಾನದಲ್ಲಿ ಭೇದ ಮಾಡಬಾರದೆಂದೂ ವಿಧಿಸಿತು. ಆ ಮಾತಿನ ಬೆಲೆ 1957ರ ಕೇರಳ ಶಿಕ್ಷಣ ಮಸೂದೆಯ ವಿವಾದದಲ್ಲಿ ಕಥೋಲಿಕರಿಗೆ ತಿಳಿಯಿತು: ಅನುದಾನಕ್ಕೆ ಷರತ್ತು ಹಾಕಬಹುದು, ಆದರೆ ಷರತ್ತಿನ ನೆಪದಲ್ಲಿ ಶಾಲೆಯ ಹಕ್ಕನ್ನೇ ಕಿತ್ತುಕೊಳ್ಳಬಾರದೆಂದು ಸುಪ್ರೀಂ ಕೋರ್ಟು 1958ರಲ್ಲಿ ಅಭಿಪ್ರಾಯವಿತ್ತಿತು. ಷರತ್ತು ಎಲ್ಲಿ ಮುಗಿದು ಕಸುಗೊಳ್ಳುವಿಕೆ ಎಲ್ಲಿ ಮೊದಲಾಗುತ್ತದೆಂಬ ವಾದ ಇನ್ನೂ ಮುಗಿದಿಲ್ಲ.

1952ರ ಚುನಾವಣೆಯಲ್ಲಿ ಗುಲ್ಬರ್ಗಾದ ಜನತೆ ಸ್ವಾಮಿಗಳನ್ನು ಲೋಕಸಭೆಗೆ ಕಳುಹಿಸಿತು. ಹೈದರಾಬಾದ್ ರಾಜ್ಯವನ್ನು ಭಾಷಾವಾರು ವಿಂಗಡಿಸಬೇಕೆಂದು ಅವರು ಬಲವಾಗಿ ವಾದಿಸಿದರು. ಮಕ್ಕಳಿಗೆ ತಾಯ್ನುಡಿಯ ಶಾಲೆ ಬೇಕೆಂದವರು ಬೇರೆ ಹೇಗೆ ವಾದಿಸಿಯಾರು? 1956ರ ನವೆಂಬರ್ 1ರಂದು ಗುಲ್ಬರ್ಗಾ, ರಾಯಚೂರು, ಬೀದರ ಮೈಸೂರು ರಾಜ್ಯಕ್ಕೆ ಬಂದವು, ಮರಾಠವಾಡ ಮುಂಬಯಿಗೆ ಹೋಯಿತು. ಮುಂದಿನ ವರ್ಷ ಸ್ವಾಮಿಗಳು ಸ್ಪರ್ಧಿಸಿದ್ದು ಔರಂಗಾಬಾದಿನಿಂದ. ತಾವೇ ಬೇಡಿದ ಗೆರೆ ಅವರನ್ನು ನಮ್ಮಿಂದ ಆಚೆಗೆ ಒಯ್ದಿತು. ಇಂದು ಕನ್ನಡದ ಮಕ್ಕಳು ಅವರ ಹೆಸರನ್ನು ಅಷ್ಟಾಗಿ ಕೇಳದಿರುವುದಕ್ಕೆ ಇದೂ ಒಂದು ಕಾರಣವಿದ್ದೀತು.

1972ರ ಜನವರಿ 22ರಂದು ಅವರು ದೈವಾಧೀನರಾದರು. ನಾಂದೇಡದಲ್ಲಿ 1994ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವು ಅವರ ಹೆಸರನ್ನು ಹೊತ್ತಿದೆ. ಅವರು ಪಾಠ ಹೇಳಿದ ಅಂಬಾಜೋಗಾಯಿಯಲ್ಲಿಯೂ ಅವರ ಹೆಸರಿನ ವೈದ್ಯಕೀಯ ಮಹಾವಿದ್ಯಾಲಯವಿದೆ; ಅದನ್ನು ನಡೆಸುತ್ತಿರುವುದು ಸರಕಾರವೇ.